ಲಂಘನವೋ, ಭೋಜನವೋ? – ಮೇದೋಜೀರಕಾಂಗದ ಉರಿಯೂತ ಇಳಿದ ಮೇಲೆ

ಸಂಕ್ರಾಂತಿಯ ಮರುದಿನ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯು ನನ್ನ ಬಳಿಗೆ ಬಂದು ನಿಂತನು. ಚನ್ನರಾಯಪಟ್ಟಣದ ಸುತ್ತಿನ ತೆಂಗಿನ ತೋಟಗಳ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನು ಅವನು. ಅವನ ತಂದೆಯವರು ಸಹಿಸಲಾರದ ಹೊಟ್ಟೆನೋವಿನಿಂದ ಹಾಸನದ ಆಸ್ಪತ್ರೆಯನ್ನು ಸೇರಿ, ಒಂಬತ್ತು ದಿನಗಳ ಅನಂತರ ಮನೆಗೆ ಮರಳಿದ್ದರು. ಬಿಡುಗಡೆಯ ಚೀಟಿಯಲ್ಲಿ ‘ಆಕ್ಯೂಟ್ ಪ್ಯಾಂಕ್ರಿಯಾಟೈಟಿಸ್’ ಎಂದು ರೋಗದ ಹೆಸರೂ, ಅದರ ಕೆಳಗೆ ‘ಕಡಿಮೆ ಕೊಬ್ಬಿನ ಆಹಾರ’ ಎಂಬ ಮೂರು ಮಾತುಗಳೂ ಇದ್ದವು.

ಈ ಮೂರು ಮಾತುಗಳನ್ನು ಹಿಡಿದು ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. “ಲಂಘನವೇ ಮದ್ದು, ಗಂಜಿಯ ತಿಳಿ ಬಿಟ್ಟು ಬೇರೇನೂ ಕೂಡದು” ಎಂಬುದು ಅಜ್ಜನ ಮಾತು. “ಇಷ್ಟು ಸೊರಗಿದವನಿಗೆ ಒಂದು ಮಿಳ್ಳೆ ತುಪ್ಪ ಹಾಕದಿದ್ದರೆ ಮೈ ಹತ್ತೀತೇ?” ಎಂಬುದು ಅಜ್ಜಿಯ ಮಾತು. ಹುಡುಗನ ಪ್ರಶ್ನೆಯು ಬೇರೆಯದೇ ಆಗಿದ್ದಿತು. “ಸಾರ್, ಅಮ್ಮ ಎಣ್ಣೆ ತುಪ್ಪ ಎರಡನ್ನೂ ನಿಲ್ಲಿಸಿದ್ದಾರೆ. ಆದರೂ ನಿನ್ನೆ ಎರಡು ಮೂರು ಹಿಡಿ ಎಳ್ಳುಬೆಲ್ಲ ತಿಂದ ಮೇಲೆ ಅಪ್ಪನಿಗೆ ಮತ್ತೆ ಹೊಟ್ಟೆ ಹಿಡಿದುಕೊಂಡಿತು. ಎಳ್ಳುಬೆಲ್ಲದಲ್ಲಿ ಎಣ್ಣೆ ಎಲ್ಲಿದೆ ಸಾರ್?”

ತಂದೆಯವರನ್ನು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಹೇಳಿ ಮೊದಲು ಅವನನ್ನು ಮನೆಗೆ ಕಳುಹಿಸಿದೆನು. ರೋಗದ ಚಿಕಿತ್ಸೆಯು ವೈದ್ಯರ ಕೆಲಸ. ಭೌತಶಾಸ್ತ್ರದ ಅಧ್ಯಾಪಕನು ಅದರಲ್ಲಿ ಕೈಹಾಕಬಾರದು. ಆದರೆ ‘ಎಣ್ಣೆ ಎಲ್ಲಿದೆ?’ ಎಂಬುದು ಅಳತೆಯ ಪ್ರಶ್ನೆ. ವೈದ್ಯರ ಚೀಟಿಯನ್ನು ಓದಿ ಅಡಿಗೆಮನೆಯವರಿಗೆ ತಿಳಿಸಿಹೇಳುವ ಹೊಣೆಯು ನಮ್ಮ ಅನೇಕ ಮನೆಗಳಲ್ಲಿ ಓದುವ ಮಕ್ಕಳ ಮೇಲೆಯೇ ಬೀಳುತ್ತದೆ. ಅಂತಹ ಮಕ್ಕಳಿಗಾಗಿ ಈ ಪಾಠವನ್ನು ಬರೆದಿದೆ.

ಗ್ರಂಥಿಯ ಪರಿಚಯ

ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಅಡ್ಡವಾಗಿ, ಸುಮಾರು 15 ಸೆಂಟಿಮೀಟರು ಉದ್ದದ ಮೃದುವಾದ ಗ್ರಂಥಿಯೊಂದು ಮಲಗಿದೆ. ಅದರ ತೂಕವು ಸುಮಾರು 100 ಗ್ರಾಂ. ಇದನ್ನು ಮೇದೋಜೀರಕಾಂಗವೆಂದು ಕರೆಯುವರು. ಹೆಸರೇ ಅದರ ಕೆಲಸವನ್ನು ಹೇಳುತ್ತದೆ: ಮೇದಸ್ಸು ಎಂದರೆ ಕೊಬ್ಬು, ಕೊಬ್ಬನ್ನು ಜೀರ್ಣಿಸಲು ನೆರವಾಗುವ ಅಂಗವೇ ಮೇದೋಜೀರಕಾಂಗ.

ಇದಕ್ಕೆ ಎರಡು ಕಾರ್ಯಗಳುಂಟು. ಇನ್ಸುಲಿನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಸುರಿದು ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವುದು ಒಂದು. ಜೀರ್ಣರಸವನ್ನು ತಯಾರಿಸಿ ಕರುಳಿಗೆ ಕಳುಹಿಸುವುದು ಇನ್ನೊಂದು. ದಿನಕ್ಕೆ ಒಂದರಿಂದ ಒಂದೂವರೆ ಲೀಟರಿನಷ್ಟು ರಸವು ಇದರಿಂದ ಹೊರಡುತ್ತದೆ. ಗ್ರಂಥಿಯ ನಾಳವು ಸಾಮಾನ್ಯವಾಗಿ ಪಿತ್ತನಾಳದೊಡನೆ ಕೂಡಿಕೊಂಡು, ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ಮಿನಲ್ಲಿ ತೆರೆಯುತ್ತದೆ. ರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನೂ, ಟ್ರಿಪ್ಸಿನ್ ಪ್ರೋಟೀನನ್ನೂ, ಲೈಪೇಸ್ ಕೊಬ್ಬನ್ನೂ ಒಡೆಯುತ್ತವೆ.

ಕೊಬ್ಬಿಗೂ ಈ ಗ್ರಂಥಿಗೂ ಇರುವ ನಂಟನ್ನು 19ನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿಯು ಸ್ಪಷ್ಟಪಡಿಸಿದನು. ಮೊಲದಲ್ಲಿ ಪಿತ್ತನಾಳವು ಕರುಳಿನ ಮೇಲ್ಭಾಗದಲ್ಲಿಯೂ, ಮೇದೋಜೀರಕಾಂಗದ ನಾಳವು ಅಲ್ಲಿಂದ ಬಹಳ ಕೆಳಗೂ ತೆರೆಯುತ್ತವೆ. ಕೊಬ್ಬನ್ನು ತಿನ್ನಿಸಿದ ಮೊಲವನ್ನು ಪರೀಕ್ಷಿಸಿದಾಗ, ಕೊಬ್ಬನ್ನು ಹೀರಿಕೊಂಡು ಹಾಲಿನಂತೆ ಬೆಳ್ಳಗಾದ ಸೂಕ್ಷ್ಮನಾಳಗಳು ಎರಡನೆಯ ತೆರಪಿನಿಂದ ಕೆಳಗೆ ಮಾತ್ರ ಕಂಡುಬಂದವು. ಪಿತ್ತರಸವೊಂದೇ ಸಾಲದು, ಮೇದೋಜೀರಕಾಂಗದ ರಸವೂ ಬೇಕು ಎಂಬುದು ಇದರಿಂದ ಸಿದ್ಧವಾಯಿತು.

ತನ್ನ ಆಯುಧದಿಂದ ತಾನೇ ಗಾಯಗೊಳ್ಳುವ ಅಂಗ

ಇಲ್ಲಿ ಒಂದು ಸಂದೇಹವು ಏಳಬೇಕು. ಮಾಂಸವನ್ನು ಕರಗಿಸಬಲ್ಲ ರಸವನ್ನು ತಯಾರಿಸುವ ಗ್ರಂಥಿಯೂ ಮಾಂಸದಿಂದಲೇ ಆದುದು. ಅದು ತಾನೇ ಏಕೆ ಕರಗಿಹೋಗುವುದಿಲ್ಲ?

ಗ್ರಂಥಿಯು ಟ್ರಿಪ್ಸಿನ್ನನ್ನು ಹರಿತವಾದ ರೂಪದಲ್ಲಿ ಕೂಡಿಡುವುದಿಲ್ಲ. ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿ, ಒರೆಯಲ್ಲಿಟ್ಟ ಕತ್ತಿಯಂತೆ, ಅದನ್ನು ಇಟ್ಟುಕೊಂಡಿರುತ್ತದೆ. ರಸವು ಡ್ಯುವೋಡಿನಮ್ಮನ್ನು ಸೇರಿದಾಗ ಕರುಳಿನ ಗೋಡೆಯಲ್ಲಿರುವ ಎಂಟರೋಕೈನೇಸ್ ಎಂಬ ಕಿಣ್ವವು ಕತ್ತಿಯನ್ನು ಒರೆಯಿಂದ ಹಿರಿಯುತ್ತದೆ. ಹೀಗೆ ಎಚ್ಚೆತ್ತ ಟ್ರಿಪ್ಸಿನ್ನಿನ ಒಂದೊಂದು ಅಣುವೂ ಇನ್ನಷ್ಟು ಟ್ರಿಪ್ಸಿನೋಜನ್ನನ್ನೂ ಇತರ ಕಿಣ್ವಗಳನ್ನೂ ಎಚ್ಚರಿಸುತ್ತದೆ. ಭೌತಶಾಸ್ತ್ರದಲ್ಲಿ ನೀವು ಓದಿರುವ ಸರಪಣಿ ಕ್ರಿಯೆಗೆ ಇದನ್ನು ಹೋಲಿಸಬಹುದು.

ಈ ಸರಪಣಿ ಕ್ರಿಯೆಯು ಕರುಳಿನಲ್ಲಿ ನಡೆದರೆ ಜೀರ್ಣ. ಗ್ರಂಥಿಯ ಒಳಗೇ ನಡೆದರೆ ಅನರ್ಥ. ಗ್ರಂಥಿಯು ಊದಿಕೊಂಡು, ಅದರ ಸುತ್ತಲಿನ ಕೊಬ್ಬಿನ ಪದರಗಳೂ ಸುಟ್ಟಂತಾಗಿ, ನೋವು ಮೇಲುಹೊಟ್ಟೆಯಿಂದ ಬೆನ್ನಿಗೆ ಇರಿಯುತ್ತದೆ. ಇದೇ ತೀವ್ರ ಉರಿಯೂತ. ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳುವ ರೋಗವಿದೆಂದು ಹಾನ್ಸ್ ಕಿಯಾರಿ ಎಂಬ ವೈದ್ಯನು 1896ರಲ್ಲಿ ಸೂಚಿಸಿದನು. ಪಿತ್ತಕೋಶದ ಕಲ್ಲೊಂದು ಜಾರಿಬಂದು, ಎರಡು ನಾಳಗಳು ಕೂಡುವ ಬಾಯಲ್ಲಿ ಸಿಕ್ಕಿಕೊಳ್ಳುವುದರಿಂದ ರೋಗವು ಉಂಟಾಗಬಹುದೆಂಬುದನ್ನು ಅಮೆರಿಕದ ಯೂಜೀನ್ ಓಪಿಯು 1901ರಲ್ಲಿ ತೋರಿಸಿದನು. ಪಿತ್ತದ ಕಲ್ಲು, ಮದ್ಯಪಾನ – ಇವೆರಡೇ ಇಂದಿಗೂ ಮುಖ್ಯ ಕಾರಣಗಳು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತವಾಗಿ ಹೆಚ್ಚುವುದು ಮತ್ತೊಂದು ಕಾರಣ.

ಐವರಲ್ಲಿ ಸುಮಾರು ನಾಲ್ವರಿಗೆ ಈ ರೋಗವು ಸೌಮ್ಯವಾಗಿಯೇ ಬಂದು ಒಂದು ವಾರದ ಆಜೂಬಾಜಿನಲ್ಲಿ ಇಳಿಯುತ್ತದೆ. ಉಳಿದವರಲ್ಲಿ ಅದು ಉಗ್ರವಾಗಿ, ಪ್ರಾಣಾಪಾಯವನ್ನೂ ತರಬಲ್ಲುದು. ಮುಂದೆ ಹೇಳುವ ಮಾತುಗಳು ಸೌಮ್ಯ ರೋಗದಿಂದ ಎದ್ದು ಮನೆಗೆ ಬಂದವರಿಗೆ ಅನ್ವಯಿಸುತ್ತವೆ. ಉಗ್ರ ರೋಗದವರ ಆಹಾರವನ್ನು ಆಸ್ಪತ್ರೆಯವರೇ ನಿರ್ಣಯಿಸತಕ್ಕದ್ದು.

ಲಂಘನವನ್ನು ಪರೀಕ್ಷೆಗೆ ಒಡ್ಡಿದ ಬಗೆ

ಇನ್ನು ಅಜ್ಜನ ಪಕ್ಷವನ್ನು ವಿಚಾರಿಸೋಣ. ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಬಹುಕಾಲ ವೈದ್ಯರ ಪಕ್ಷವೂ ಅದೇ ಆಗಿದ್ದಿತು.

1902ರಲ್ಲಿ ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸಂಗತಿಯನ್ನು ಕಂಡುಹಿಡಿದರು. ಜಠರದ ಆಮ್ಲವು ಡ್ಯುವೋಡಿನಮ್ಮನ್ನು ಮುಟ್ಟಿದೊಡನೆ ಕರುಳಿನ ಗೋಡೆಯಿಂದ ಸೆಕ್ರೆಟಿನ್ ಎಂಬ ವಸ್ತುವು ರಕ್ತಕ್ಕೆ ಸೇರಿ, ಅದರ ಮೂಲಕ ಮೇದೋಜೀರಕಾಂಗಕ್ಕೆ ‘ರಸವನ್ನು ಸುರಿಸು’ ಎಂಬ ಆಜ್ಞೆಯನ್ನು ಮುಟ್ಟಿಸುತ್ತದೆ. ಹಾರ್ಮೋನು ಎಂಬ ಹೆಸರನ್ನು ಪಡೆದ ವಸ್ತುಗಳಲ್ಲಿ ಇದೇ ಮೊದಲನೆಯದು. ಕೊಬ್ಬು ಮತ್ತು ಪ್ರೋಟೀನು ಕರುಳನ್ನು ಮುಟ್ಟಿದಾಗ ಕೋಲಿಸಿಸ್ಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೊರಟು, ಪಿತ್ತಕೋಶವನ್ನು ಹಿಂಡಿಸಿ, ಗ್ರಂಥಿಯಿಂದ ಕಿಣ್ವಗಳನ್ನು ಬರಿಸುತ್ತದೆಂಬುದು ಮುಂದೆ ತಿಳಿದುಬಂದಿತು.

ಇದರಿಂದ ಹೊರಟ ತರ್ಕವು ಸರಳವಾಗಿದೆ. ಆಹಾರವಿಲ್ಲದಿದ್ದರೆ ಆಜ್ಞೆಯಿಲ್ಲ, ಆಜ್ಞೆಯಿಲ್ಲದಿದ್ದರೆ ರಸವಿಲ್ಲ, ರಸವಿಲ್ಲದಿದ್ದರೆ ಗ್ರಂಥಿಗೆ ವಿಶ್ರಾಂತಿ. ಆದುದರಿಂದ ನೋವು ಪೂರ್ತಿ ಹೋಗುವವರೆಗೆ ಬಾಯಿಗೆ ಏನನ್ನೂ ಕೊಡದೆ, ಬಳಿಕ ನೀರು, ತಿಳಿ, ಗಂಜಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಪದ್ಧತಿಯು ದಶಕಗಳ ಕಾಲ ನಡೆದುಬಂದಿತು. ತರ್ಕದಲ್ಲಿ ದೋಷವು ಕಾಣುವುದಿಲ್ಲ. ಆದರೆ ವಿಜ್ಞಾನದಲ್ಲಿ ತರ್ಕವು ಅರ್ಜಿ ಮಾತ್ರ. ತೀರ್ಪನ್ನು ಕೊಡುವುದು ಪ್ರಯೋಗ.

ಪ್ರಯೋಗದ ತೀರ್ಪು ಬೇರೆಯಾಗಿ ಬಂದಿತು. 2007ರಲ್ಲಿ ಸ್ವೀಡನ್ನಿನಲ್ಲಿ ಸೌಮ್ಯ ರೋಗವುಳ್ಳ 60 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಉಪವಾಸವನ್ನೂ ಇನ್ನೊಂದಕ್ಕೆ ಕೂಡಲೇ ಬಾಯಿಂದ ಆಹಾರವನ್ನೂ ವಿಧಿಸಿದರು. ಉಂಡವರಿಗೆ ಕೆಡುಕೇನೂ ಆಗಲಿಲ್ಲ. ಅವರು ಆರು ದಿನಗಳ ಬದಲು ನಾಲ್ಕೇ ದಿನಗಳಲ್ಲಿ ಮನೆಗೆ ಮರಳಿದರು. ಅದೇ ವರ್ಷ ಅಮೆರಿಕದಲ್ಲಿ 121 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಮೊದಲ ಊಟವಾಗಿ ಕೆಲವರಿಗೆ ತಿಳಿದ್ರವವನ್ನೂ, ಕೆಲವರಿಗೆ ಕಡಿಮೆ ಕೊಬ್ಬಿನ ಘನಾಹಾರವನ್ನೂ ಕೊಟ್ಟರು. ಘನಾಹಾರವನ್ನು ಉಂಡವರಲ್ಲಿ ನೋವು ಹೆಚ್ಚಲಿಲ್ಲ. ಅವರಿಗೆ ದೊರೆತ ಪೋಷಣೆಯು ಮಾತ್ರ ಹೆಚ್ಚಾಯಿತು. 2014ರಲ್ಲಿ ನೆದರ್ಲೆಂಡಿನ ವೈದ್ಯರು, ರೋಗವು ಉಗ್ರವಾಗುವ ಸಂಭವವುಳ್ಳ 208 ಮಂದಿಯನ್ನು ಪರೀಕ್ಷಿಸಿದರು. ಒಂದು ಪಂಗಡಕ್ಕೆ 24 ಗಂಟೆಗಳೊಳಗೆ ಮೂಗಿನ ನಳಿಕೆಯಿಂದ ಆಹಾರವನ್ನು ಕೊಟ್ಟರು. ಇನ್ನೊಂದಕ್ಕೆ 72 ಗಂಟೆಗಳಾದ ಮೇಲೆ ಬಾಯಿಂದ ಕೊಟ್ಟು, ಅದು ಸಾಗದಿದ್ದರೆ ಮಾತ್ರ ನಳಿಕೆಯನ್ನು ಹಾಕಿದರು. ಸೋಂಕಿನಲ್ಲಾಗಲಿ ಮರಣದಲ್ಲಾಗಲಿ ಎರಡು ಪಂಗಡಗಳಿಗೂ ವ್ಯತ್ಯಾಸವು ಕಾಣಲಿಲ್ಲ. ಎರಡನೆಯ ಪಂಗಡದ ಮೂರರಲ್ಲಿ ಎರಡು ಪಾಲು ಜನರಿಗೆ ನಳಿಕೆಯೇ ಬೇಕಾಗಲಿಲ್ಲ. ಇಂದು ವೈದ್ಯರು, ರೋಗಿಗೆ ವಾಂತಿಯಿಲ್ಲದೆ ಹಸಿವು ಮರಳಿದೊಡನೆ, ಸಾಧ್ಯವಾದರೆ ಮೊದಲ ದಿನವೇ, ಊಟವನ್ನು ಆರಂಭಿಸುವರು.

ತರ್ಕವು ಎಡವಿದ್ದೆಲ್ಲಿ? ಎರಡು ಕಡೆಗಳಲ್ಲಿ. ಮೊದಲನೆಯದಾಗಿ, ಊದಿಕೊಂಡ ಗ್ರಂಥಿಯು ಆಜ್ಞೆ ಬಂದರೂ ಮೊದಲಿನಷ್ಟು ರಸವನ್ನು ಸುರಿಸಲಾರದು. ಅದು ಆಗಲೇ ಅರೆ ವಿಶ್ರಾಂತಿಯಲ್ಲಿರುತ್ತದೆ. ಎರಡನೆಯದಾಗಿ, ಉಪವಾಸದಿಂದ ಕರುಳಿಗೆ ನಷ್ಟವಿದೆ. ಕರುಳಿನ ಒಳಪೊರೆಯು ತನ್ನ ಪೋಷಣೆಯ ಒಂದು ಭಾಗವನ್ನು ತನ್ನ ಮೇಲೆ ಹಾದುಹೋಗುವ ಆಹಾರದಿಂದಲೇ ಪಡೆಯುತ್ತದೆ. ಆಹಾರವು ನಿಂತರೆ ಪೊರೆಯು ತೆಳುವಾಗಿ, ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ಗೋಡೆಯನ್ನು ದಾಟಿ, ಗಾಯಗೊಂಡ ಗ್ರಂಥಿಯಲ್ಲಿ ಕೀವನ್ನು ಉಂಟುಮಾಡಬಲ್ಲವು.

ಮನೆಗೆ ಬಂದವರ ವಿಷಯದಲ್ಲಿ ಲೆಕ್ಕವು ಇನ್ನೂ ಸ್ಪಷ್ಟ. 60 ಕಿಲೋಗ್ರಾಂ ತೂಕದವನಿಗೆ, ಕಿಲೋ ಒಂದಕ್ಕೆ 30ರಂತೆ, ದಿನಕ್ಕೆ 1800 ಕಿಲೋಕ್ಯಾಲೊರಿ ಶಕ್ತಿಯು ಬೇಕೆನ್ನೋಣ. ಒಂದು ಲೋಟ ತೆಳುಗಂಜಿಯಲ್ಲಿ ಸುಮಾರು 15 ಗ್ರಾಂ ಅಕ್ಕಿಯಿದ್ದರೆ ಅದರಿಂದ ದೊರೆಯುವುದು 50 ಕಿಲೋಕ್ಯಾಲೊರಿ. ದಿನಕ್ಕೆ ಆರು ಲೋಟ ಕುಡಿದರೂ 300. ಬೇಕಾದುದರ ಆರನೆಯ ಒಂದು ಪಾಲು! ಉಳಿದ ಐದು ಪಾಲನ್ನು ದೇಹವು ತನ್ನ ಮಾಂಸಖಂಡಗಳನ್ನೂ ಕರಗಿಸಿ ತುಂಬಿಕೊಳ್ಳುತ್ತದೆ. ಗಾಯವು ಮಾಯಬೇಕಾದ ಕಾಲದಲ್ಲಿ ಗೋಡೆಯ ಇಟ್ಟಿಗೆಯನ್ನು ಕಿತ್ತು ಒಲೆಗೆ ಹಾಕಿದಂತೆ ಇದು.

ಕೊಬ್ಬನ್ನೇ ಏಕೆ ಮಿತಗೊಳಿಸಬೇಕು?

ಊಟವು ಬೇಕೆಂದಾಯಿತು. ಹಾಗಾದರೆ ಅಜ್ಜಿಯ ಪಕ್ಷವು ಗೆದ್ದಿತೇ? ಇಲ್ಲ. ಕೊಬ್ಬನ್ನು ಜೀರ್ಣಿಸುವುದು ಗ್ರಂಥಿಗೆ ಎಷ್ಟು ಕಷ್ಟದ ಕೆಲಸವೆಂಬುದನ್ನು ನೋಡಬೇಕು.

ಪಿಷ್ಟದ ಜೀರ್ಣವು ಬಾಯಿಯ ಲಾಲಾರಸದಿಂದಲೂ, ಪ್ರೋಟೀನಿನ ಜೀರ್ಣವು ಜಠರದಿಂದಲೂ ಆರಂಭವಾಗುತ್ತವೆ. ಕೊಬ್ಬಿನ ಭಾರವಾದರೋ ಬಹುಮಟ್ಟಿಗೆ ಮೇದೋಜೀರಕಾಂಗದ ಮೇಲೆಯೇ ಬೀಳುತ್ತದೆ. ಮೇಲಾಗಿ ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಲೈಪೇಸ್ ಕಿಣ್ವವು ಕೊಬ್ಬಿನ ಹನಿಯ ಹೊರಮೈಯಲ್ಲಿ ಮಾತ್ರ ಕೆಲಸ ಮಾಡಬಲ್ಲುದು. ಆದುದರಿಂದ ಹನಿಯನ್ನು ಸೀಳಿ ಸೀಳಿ ಮೇಲ್ಮೈಯನ್ನು ಹೆಚ್ಚಿಸಬೇಕು. 1 ಸೆಂಟಿಮೀಟರು ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರು. ಅದನ್ನೇ ಮಿಲಿಮೀಟರಿನ ಸಾವಿರದಲ್ಲೊಂದು ಅಂಚಿನ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6 ಚದರ ಮೀಟರು. ಅಂದರೆ ಹತ್ತು ಸಾವಿರ ಪಟ್ಟು! ಜಠರದ ಕಡೆತ ಮತ್ತು ಪಿತ್ತರಸದ ನೆರವಿನಿಂದ ಕರುಳಿನಲ್ಲಿ ನಡೆಯುವುದು ಇಂತಹ ಕೆಲಸವೇ. ಇದಕ್ಕಾಗಿ ಪಿತ್ತಕೋಶವು ಹಿಂಡಿಕೊಳ್ಳಬೇಕು. ಅದರಲ್ಲಿ ಇನ್ನೂ ಕಲ್ಲುಗಳಿದ್ದರೆ, ಹೆಚ್ಚು ಕೊಬ್ಬಿನ ಒಂದು ಊಟವು ಕಲ್ಲನ್ನು ಮತ್ತೆ ನಾಳಕ್ಕೆ ನೂಕಬಹುದು.

ಹಾಗೆಂದು ಕೊಬ್ಬನ್ನು ಪೂರ್ತಿ ಬಿಡತಕ್ಕದ್ದಲ್ಲ. ಕೆಲವು ಮೇದೋಆಮ್ಲಗಳು ಆಹಾರದಿಂದಲೇ ದೊರೆಯಬೇಕು; ಎ, ಡಿ, ಇ, ಕೆ ಜೀವಸತ್ವಗಳು ರಕ್ತವನ್ನು ಸೇರಬೇಕಾದರೂ ಸ್ವಲ್ಪ ಕೊಬ್ಬು ಬೇಕು. ಮೊದಲ ವಾರಗಳಲ್ಲಿ ದಿನಕ್ಕೆ 30ರಿಂದ 50 ಗ್ರಾಂ ಎಂಬ ಮಿತಿಯನ್ನು ಆಸ್ಪತ್ರೆಗಳ ಪಥ್ಯದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣಬಹುದು. ನಿಮ್ಮ ಮನೆಯ ರೋಗಿಗೆ ಎಷ್ಟೆಂಬುದನ್ನು ಅವರ ವೈದ್ಯರಿಂದಲೇ ತಿಳಿಯಿರಿ. ನಮ್ಮ ಲೆಕ್ಕಕ್ಕೆ 30 ಗ್ರಾಮನ್ನು ಇಟ್ಟುಕೊಳ್ಳೋಣ. ಗ್ರಾಮಿಗೆ 9 ಕಿಲೋಕ್ಯಾಲೊರಿಯಂತೆ ಇದು 270. ಉಳಿದ 1500ಕ್ಕೂ ಮೇಲ್ಪಟ್ಟ ಶಕ್ತಿಯು, ಗ್ರಾಮಿಗೆ 4ರಂತೆ ಕೊಡುವ ಪಿಷ್ಟ ಮತ್ತು ಪ್ರೋಟೀನುಗಳಿಂದ ಬರಬೇಕು.

ತೆಂಗಿನ ಮೂರು ವಯಸ್ಸುಗಳು

ಈಗ ಹುಡುಗನ ಪ್ರಶ್ನೆಗೆ ಬರೋಣ. ಎಳ್ಳುಬೆಲ್ಲದಲ್ಲಿ ಎಣ್ಣೆ ಎಲ್ಲಿದೆ?

ಇದಕ್ಕೆ ಒಂದು ಸುಲಭವಾದ ಪ್ರಯೋಗವುಂಟು. ಬಿಳಿಯ ಕಾಗದದ ಮೇಲೆ ಒಂದು ಹನಿ ನೀರನ್ನು ಹಾಕಿರಿ. ಇನ್ನೊಂದು ಕಡೆ ಕೊಬ್ಬರಿಯ ಚೂರನ್ನು ಒತ್ತಿ ಉಜ್ಜಿರಿ. ಕಾಗದವನ್ನು ಒಣಗಲು ಬಿಟ್ಟು ಬೆಳಕಿಗೆ ಹಿಡಿಯಿರಿ. ನೀರಿನ ಕಲೆಯು ಮಾಯವಾಗಿರುತ್ತದೆ. ಕೊಬ್ಬರಿಯ ಕಲೆಯು ಉಳಿದು, ಅದರ ಮೂಲಕ ಬೆಳಕು ತೂರಿಬರುತ್ತದೆ. ಕಾಗದದ ನಾರುಗಳ ನಡುವಣ ಗಾಳಿಯು ಬೆಳಕನ್ನು ಚದರಿಸುವುದರಿಂದ ಕಾಗದವು ಬೆಳ್ಳಗೆ ಕಾಣುತ್ತದೆ. ಎಣ್ಣೆಯ ವಕ್ರೀಭವನಾಂಕವು ಸುಮಾರು 1.47, ನಾರಿನದು ಸುಮಾರು 1.5. ಗಾಳಿಯಿದ್ದ ಎಡೆಯನ್ನು ಎಣ್ಣೆಯು ತುಂಬಿದಾಗ ಚದರಿಕೆಯು ಕುಗ್ಗಿ ಬೆಳಕು ಹಾದುಹೋಗುತ್ತದೆ. ಕಡಲೆಕಾಯಿ ಬೀಜ, ಎಳ್ಳು, ಹುಚ್ಚೆಳ್ಳುಗಳನ್ನು ಜಜ್ಜಿ ಒತ್ತಿದರೂ ಇದೇ ಕಲೆಯನ್ನು ಕಾಣುವಿರಿ.

ಕಲೆಯು ಇದೆಯೆಂಬುದನ್ನು ಮಾತ್ರ ತೋರಿಸುತ್ತದೆ. ಎಷ್ಟೆಂಬುದಕ್ಕೆ ಅಂಕಿಗಳು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ನಮ್ಮ ದೇಶದ ಆಹಾರಗಳನ್ನು ವಿಶ್ಲೇಷಿಸಿ 2017ರಲ್ಲಿ ಹೊಸ ಕೋಷ್ಟಕಗಳನ್ನು ಪ್ರಕಟಿಸಿದೆ. ನಮ್ಮ ಸೀಮೆಯ ತೆಂಗನ್ನೇ ತೆಗೆದುಕೊಳ್ಳಿ. ಎಳನೀರಿನಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬಲಿತ ಕಾಯಿಯಲ್ಲಿ ನೂರಕ್ಕೆ ಸುಮಾರು 40 ಪಾಲು. ಒಣಗಿದ ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕೂ ಮೇಲು. ಒಂದೇ ಮರದ ಒಂದೇ ಫಲವು ಮೊದಲ ವಯಸ್ಸಿನಲ್ಲಿ ರೋಗಿಗೆ ಮಿತ್ರ, ಮೂರನೆಯ ವಯಸ್ಸಿನಲ್ಲಿ ಶತ್ರು! ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ, ಪೊಟ್ಯಾಸಿಯಮ್ ಹೆಚ್ಚಾಗಿರುವುದರಿಂದ, ಎಳನೀರಿಗೂ ವೈದ್ಯರ ಅನುಮತಿಯನ್ನು ಪಡೆಯಬೇಕು.

ಎಳ್ಳುಬೆಲ್ಲದ ಲೆಕ್ಕ ಹೀಗೆ. ಎಳ್ಳಿನಲ್ಲಿ ನೂರಕ್ಕೆ ಸುಮಾರು 45, ಕಡಲೆಕಾಯಿ ಬೀಜದಲ್ಲಿ 40, ಕೊಬ್ಬರಿಯಲ್ಲಿ 60, ಹುರಿಗಡಲೆಯಲ್ಲಿ 5, ಬೆಲ್ಲದಲ್ಲಿ ಸೊನ್ನೆ. ಐದನ್ನೂ ಸಮಭಾಗವಾಗಿ ಬೆರೆಸಿದರೆ ಸರಾಸರಿ 30. ಮೂರು ಹಿಡಿ, ಅಂದರೆ ಸುಮಾರು 100 ಗ್ರಾಂ ತಿಂದರೆ, ದಿನಕ್ಕೆಂದು ಇಟ್ಟ 30 ಗ್ರಾಂ ಕೊಬ್ಬು ಒಂದೇ ಸಲಕ್ಕೆ ಹೊಟ್ಟೆಯನ್ನು ಸೇರಿತು! ಮನೆಯಲ್ಲಿ ಎಣ್ಣೆಯ ಕುಡಿಕೆಯನ್ನು ಬಚ್ಚಿಟ್ಟಿದ್ದರು. ಎಣ್ಣೆಯು ಕಾಳಿನ ಒಳಗೆ ಕುಳಿತು ಬಂದಿತು.

ಸಾರಿನ ಲೆಕ್ಕವೂ ಇಂತಹುದೇ. ಐದು ಜನರ ಸಾರಿಗೆ ಅರ್ಧ ಹೋಳು, ಅಂದರೆ ನಾನು ತೂಗಿ ನೋಡಿದಂತೆ ಸುಮಾರು 100 ಗ್ರಾಂ, ಕಾಯಿಯನ್ನು ರುಬ್ಬಿದರೆ ಒಬ್ಬೊಬ್ಬರ ಪಾಲಿಗೆ 8 ಗ್ರಾಂ ಕೊಬ್ಬು ಬರುತ್ತದೆ. ಅದರೊಡನೆ ಬೆಳಗಿನ ಕಾಯಿಚಟ್ನಿಯೂ ಸೇರಿದರೆ ಮಿತಿಯ ಅರ್ಧವು ಅಲ್ಲಿಗೇ ಮುಗಿಯಬಹುದು.

ಪಥ್ಯದ ಒಂದು ದಿನ

ಸಂತೋಷದ ಸಂಗತಿಯೆಂದರೆ, ನಮ್ಮ ಸೀಮೆಯ ಮೂಲ ಆಹಾರಗಳಲ್ಲಿ ಬಹುಪಾಲು ಕೊಬ್ಬು ಕಡಿಮೆಯಿರುವವೇ. ರಾಗಿಯಲ್ಲಿ ನೂರಕ್ಕೆ 2ಕ್ಕಿಂತ, ಅಕ್ಕಿಯಲ್ಲಿ 1ಕ್ಕಿಂತ ಕಡಿಮೆ, ತೊಗರಿಬೇಳೆಯಲ್ಲಿ 2ರೊಳಗೆ, ಹಾಸನದ ಆಲೂಗೆಡ್ಡೆಯಲ್ಲಿ ಇಲ್ಲವೆನ್ನುವಷ್ಟು. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯು ಪಥ್ಯಕ್ಕೆಂದೇ ಹುಟ್ಟಿದಂತಿದೆ. ಗಟ್ಟಿಮೊಸರನ್ನು ಬರಿದೆ ನೀರು ಬೆರೆಸಿ ಕದಡಿದರೆ ಅದು ಆ ಮಜ್ಜಿಗೆಯಲ್ಲ. ಬೆಣ್ಣೆಯೆಲ್ಲವೂ ಅದರಲ್ಲಿಯೇ ಉಳಿದಿರುತ್ತದೆ.

ಬೆಳಿಗ್ಗೆ ಎರಡು ಇಡ್ಲಿ, ಕಾಯಿಯಿಲ್ಲದ ಹುರಿಗಡಲೆಯ ಅಥವಾ ಟೊಮ್ಯಾಟೊ ಚಟ್ನಿ. ಹತ್ತೂವರೆಗೆ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಮಧ್ಯಾಹ್ನ ಮೆತ್ತಗೆ ಬೆಂದ ಅನ್ನ, ತೊವ್ವೆ, ಸೋರೆ ಅಥವಾ ಹೀರೆಕಾಯಿಯ ಪಲ್ಯ, ಮಜ್ಜಿಗೆ. ನಾಲ್ಕು ಗಂಟೆಗೆ ಬೇಯಿಸಿದ ಆಲೂಗೆಡ್ಡೆ ಅಥವಾ ಬಾಳೆಹಣ್ಣು. ರಾತ್ರಿ ಸಣ್ಣದೊಂದು ಮೆತ್ತನೆಯ ಮುದ್ದೆ, ಕಾಯಿ ಹಾಕದ ಸೊಪ್ಪಿನ ಸಾರು. ಮಲಗುವ ಮುನ್ನ ಕೆನೆ ತೆಗೆದ ಹಾಲು. ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳಾದರೆ ಒಂದೊಂದು ಸಲಕ್ಕೂ ಗ್ರಂಥಿಗೆ ಹೋಗುವ ಆಜ್ಞೆಯು ಮೃದುವಾಗಿರುತ್ತದೆ. ಸಕ್ಕರೆ ರೋಗವಿರುವವರಿಗೆ ಈ ಪಟ್ಟಿಯನ್ನು ವೈದ್ಯರು ಬದಲಾಯಿಸಬೇಕಾಗುವುದು.

ಕೊಬ್ಬಿನ ಲೆಕ್ಕವನ್ನು ಕೂಡಿಸೋಣ. ಧಾನ್ಯ ಬೇಳೆಗಳಿಂದ ದಿನಕ್ಕೆ ಸುಮಾರು 5 ಗ್ರಾಂ. ನೂರಕ್ಕೆ 3 ಪಾಲು ಕೊಬ್ಬಿರುವ ಟೋನ್ಡ್ ಹಾಲು ಕಾಲು ಲೀಟರಾದರೆ, ಕೆನೆ ತೆಗೆಯದಿದ್ದರೂ, 7.5 ಗ್ರಾಂ. ಅಡಿಗೆಗೆ ಎರಡು ಸಣ್ಣ ಚಮಚ ಎಣ್ಣೆ: 5 ಮಿಲಿಲೀಟರಿನ ಚಮಚಕ್ಕೆ, ಎಣ್ಣೆಯ ಸಾಂದ್ರತೆ 0.92 ಆದುದರಿಂದ, 4.6 ಗ್ರಾಂ, ಎರಡಕ್ಕೆ 9.2. ಒಟ್ಟು 22 ಗ್ರಾಮಿನಷ್ಟಾಯಿತು. ಮಿತಿಯೊಳಗೆ ಇನ್ನೂ ಎಡೆಯಿದೆ. ಎಣ್ಣೆಯನ್ನು ಕಣ್ಣಳತೆಯಿಂದ ಸುರಿಯದೆ ಚಮಚದಿಂದ ಅಳೆಯಬೇಕೆಂಬುದೇ ಇಲ್ಲಿರುವ ಪಾಠ.

ಪ್ರೋಟೀನನ್ನು ಮರೆಯಕೂಡದು, ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಬೇಕು. ಬೇಳೆ, ಕೆನೆ ತೆಗೆದ ಹಾಲು, ಮೊಟ್ಟೆಯ ಬಿಳಿಭಾಗ ಇವು ಒಳ್ಳೆಯ ಮೂಲಗಳು. ಮೊಟ್ಟೆಯ ಕೊಬ್ಬೆಲ್ಲವೂ ಹಳದಿಯಲ್ಲಿರುತ್ತದೆ. ಮಾಂಸಾಹಾರಿಗಳು ಚರ್ಮ ತೆಗೆದ ಕೋಳಿಯನ್ನೂ ಮೀನನ್ನೂ, ಕಾಯಿಯ ಮಸಾಲೆಯಿಲ್ಲದೆ, ಕರಿಯದೆ, ಬೇಯಿಸಿ ತಿನ್ನಬಹುದು. ಬೋಂಡ, ವಡೆ, ತುಪ್ಪ ಸುರಿದ ಹೋಳಿಗೆ, ಕೊಬ್ಬರಿ ಮಿಠಾಯಿ, ಹಂದಿ ಮತ್ತು ಕುರಿಯ ಕೊಬ್ಬಿನ ಮಾಂಸ ಇವು ಸದ್ಯಕ್ಕೆ ದೂರವಿರಲಿ. ಅವರೆಕಾಳು, ಹುರುಳಿಕಾಳುಗಳಲ್ಲಿ ಕೊಬ್ಬು ಕಡಿಮೆಯಾದರೂ ವಾಯುವಿನಿಂದ ಹೊಟ್ಟೆಯುಬ್ಬರಿಸಿ ನೋವಿನ ಭ್ರಮೆಯನ್ನು ತರಬಹುದು. ಕೆಲವು ವಾರ ಕಳೆದ ಮೇಲೆ ಸ್ವಲ್ಪಸ್ವಲ್ಪವಾಗಿ ಆರಂಭಿಸುವುದು ಲೇಸು.

ಈ ಕಟ್ಟುಪಾಡು ಎಷ್ಟು ದಿನ? ಸೌಮ್ಯ ರೋಗವು ಪೂರ್ತಿ ಮಾಯ್ದು, ಕಾರಣವೂ ನಿವಾರಣೆಯಾದರೆ, ವೈದ್ಯರು ಕೆಲವು ವಾರಗಳಲ್ಲಿ ಇದನ್ನು ಸಡಿಲಿಸುವರು. ಟ್ರೈಗ್ಲಿಸರೈಡಿನಿಂದ ರೋಗ ಬಂದವರಿಗಾದರೋ ಪಥ್ಯವು ಜೀವಾವಧಿಯದು. ಅವರು ಸಕ್ಕರೆಯನ್ನೂ ಮಿತಗೊಳಿಸಬೇಕು.

ಪಥ್ಯವೊಂದರಿಂದಲೇ ಆಗದ ಕೆಲಸ

ಎಷ್ಟು ಪಥ್ಯ ಮಾಡಿದರೂ ಪಿತ್ತದ ಕಲ್ಲು ಕರಗುವುದಿಲ್ಲ. 2015ರಲ್ಲಿ ಪ್ರಕಟವಾದ ನೆದರ್ಲೆಂಡಿನ ಪರೀಕ್ಷೆಯೊಂದರಲ್ಲಿ, ಕಲ್ಲಿನಿಂದ ಸೌಮ್ಯ ರೋಗ ಬಂದ 266 ಮಂದಿಯಲ್ಲಿ ಕೆಲವರಿಗೆ ಅದೇ ದಾಖಲೆಯಲ್ಲಿ ಪಿತ್ತಕೋಶವನ್ನು ತೆಗೆದರು. ಉಳಿದವರಿಗೆ ಸುಮಾರು ನಾಲ್ಕು ವಾರಗಳ ಅನಂತರ ತೆಗೆದರು. ಕಾದವರಲ್ಲಿ ನೂರಕ್ಕೆ 17 ಮಂದಿಗೆ ಕಲ್ಲಿನಿಂದ ಮತ್ತೆ ತೊಂದರೆಗಳಾದವು. ಕಾಯದವರಲ್ಲಿ ನೂರಕ್ಕೆ 5 ಮಂದಿಗೆ ಮಾತ್ರ. ‘ನೋವು ಹೋಯಿತು, ಶಸ್ತ್ರಚಿಕಿತ್ಸೆಯು ಸುಗ್ಗಿ ಮುಗಿದ ಮೇಲಾಗಲಿ’ ಎಂದು ಮುಂದೂಡುವವರು ಈ ಅಂಕಿಗಳನ್ನು ನೆನೆಯಬೇಕು.

ಮದ್ಯದ ವಿಷಯದಲ್ಲಿ ಮಿತಿಯೆಂಬ ಮಾತೇ ಇಲ್ಲ. ಅದು ಪೂರ್ತಿ ನಿಲ್ಲಬೇಕು. ಕಾರಣವು ಕಲ್ಲಾಗಿದ್ದರೂ ಚೇತರಿಕೆಯ ಕಾಲದಲ್ಲಿ ಅದು ಕೂಡದು. ಬೀಡಿ ಸಿಗರೇಟುಗಳೂ ಈ ಗ್ರಂಥಿಗೆ ಪ್ರತ್ಯೇಕವಾಗಿ ಹಾನಿಕರವೆಂಬುದು ಈಗ ಸಿದ್ಧವಾಗಿದೆ.

ಎಚ್ಚರಿಕೆಯ ಕುರುಹುಗಳು

ನೋವು ಮರಳಿ ಬಂದು ಬೆನ್ನಿಗೆ ಇರಿದರೆ, ವಾಂತಿಯು ನಿಲ್ಲದಿದ್ದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆಯು ಬಿಗಿದು ಉಬ್ಬಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಮಲವು ಜಿಡ್ಡುಜಿಡ್ಡಾಗಿ, ದುರ್ಗಂಧದಿಂದ ಕೂಡಿ, ನೀರಿನ ಮೇಲೆ ತೇಲುತ್ತಿದ್ದು, ದೇಹದ ತೂಕವೂ ಇಳಿಯುತ್ತಿದ್ದರೆ ಗ್ರಂಥಿಯ ಕಿಣ್ವಗಳು ಸಾಲದಾಗಿರಬಹುದು. ಆಗ ವೈದ್ಯರು ಕಿಣ್ವಗಳ ಗುಳಿಗೆಯನ್ನು ಕೊಡುವರು. ಅದನ್ನು ಊಟದ ಜೊತೆಯಲ್ಲಿಯೇ ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ಆಹಾರವನ್ನು ಅದು ಸಂಧಿಸುವುದೇ ಇಲ್ಲ. ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಾದುದರಿಂದ, ರೋಗವು ಗುಣವಾದ ಮೇಲೂ ಕೆಲವರಿಗೆ ಸಕ್ಕರೆ ರೋಗವು ಕಾಣಿಸಿಕೊಳ್ಳುತ್ತದೆ. ರಕ್ತವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳುವುದು ಅವಶ್ಯಕ.

ಉಪಸಂಹಾರ

ಆ ವಿದ್ಯಾರ್ಥಿಯ ತಂದೆಯವರನ್ನು ವೈದ್ಯರು ಒಂದು ದಿನ ಇರಿಸಿಕೊಂಡು, ರೋಗವು ಮರುಕಳಿಸಿಲ್ಲವೆಂದು ಹೇಳಿ ಕಳುಹಿಸಿದರು. ಬಳಿಕ ಅವರ ಪಿತ್ತಕೋಶವನ್ನು ತೆಗೆದುದಾಯಿತು; ಈಗ ತೋಟಕ್ಕೆ ಹೋಗಿಬರುತ್ತಿದ್ದಾರೆ. ಹುಡುಗನು ಎಣ್ಣೆಯ ಕಲೆ ಹತ್ತಿದ ಕಾಗದಗಳನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಾನಂತೆ. ಅಜ್ಜಿಯವರು ಅವನ್ನು ನೋಡಿ, “ತುಪ್ಪದ ಮಿಳ್ಳೆಯನ್ನು ಮೇಲಿಟ್ಟು, ಕೊಬ್ಬರಿಯ ಡಬ್ಬವನ್ನು ಕೆಳಗಿಟ್ಟಿದ್ದೆವಲ್ಲ!” ಎಂದರಂತೆ.

ಅಜ್ಜನದೂ ಅಜ್ಜಿಯದೂ ಪ್ರೀತಿಯ ಮಾತುಗಳೇ ಆಗಿದ್ದವು. ಪ್ರೀತಿಗೆ ಅಳತೆಯೂ ಕೂಡಿಬಂದಾಗ ಅದು ಪಥ್ಯವಾಗುತ್ತದೆ. ಲಂಘನವೂ ಅಲ್ಲ, ಔತಣವೂ ಅಲ್ಲ. ಬೇಗ ಆರಂಭಿಸಿದ, ಸ್ವಲ್ಪಸ್ವಲ್ಪವಾದ, ಕೊಬ್ಬನ್ನು ಅಳೆದು ಹಾಕಿದ ಊಟ – ಇದೇ ಚೇತರಿಕೆಯ ದಾರಿ.

ಅಭ್ಯಾಸ

1. ಐದು ಮಂದಿಯ ಸಾರಿಗೆ 100 ಗ್ರಾಂ ಕಾಯಿತುರಿಯನ್ನೂ, ಒಗ್ಗರಣೆಗೆ 15 ಮಿಲಿಲೀಟರಿನ ಎರಡು ಚಮಚ ಎಣ್ಣೆಯನ್ನೂ ಬಳಸಿದರೆ ಒಬ್ಬರ ಪಾಲಿಗೆ ಬರುವ ಕೊಬ್ಬೆಷ್ಟು? (ಉತ್ತರ: ಸುಮಾರು 13.5 ಗ್ರಾಂ.)

2. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಎಷ್ಟು ಎಣ್ಣೆಯನ್ನು ಕೊಳ್ಳುತ್ತಾರೆಂಬುದನ್ನು ಕೇಳಿ, ಒಬ್ಬರಿಗೆ ದಿನಕ್ಕೆ ಎಷ್ಟು ಗ್ರಾಂ ಬೀಳುತ್ತದೆಂದು ಲೆಕ್ಕ ಹಾಕಿರಿ.

3. ಕೆನೆಹಾಲು, ಕಡೆದ ಮಜ್ಜಿಗೆ, ಹುರಿಗಡಲೆ, ಕಡಲೆಕಾಯಿ ಬೀಜ – ಇವುಗಳನ್ನು ಕಾಗದದ ಮೇಲೆ ಪರೀಕ್ಷಿಸಿ, ಒಣಗಿದ ಕಲೆಗಳನ್ನು ಹೋಲಿಸಿರಿ.